ಚಾರು ಕೊಟ್ಟ ಉದಾಹರಣೆ

ವೀಣಾ, ನಾನು ನಿನಗೆ ಸುಳ್ಳು ಹೇಳಿದೆ. ನಿನ್ನ ಮಗಳು ಊಟ ಬಿಟ್ಟಿದ್ದಾಳೆಂದು ನನಗೆ ಗೊತ್ತಿತ್ತು — ಅನುಮಾನವಲ್ಲ, ಅವಳ ಬಾಯಿಂದಲೇ ಕೇಳಿದ್ದೆ — ಆದರೂ ನಿನ್ನಿಂದ ಮುಚ್ಚಿಟ್ಟೆ.

ಬ್ರಿಡ್ಜ್‌ವಾಟರಿನ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಆಗ ದೊಡ್ಡ ಮಕ್ಕಳಿಗೆ ಅಲಂಕಾರಗಳ ಪಾಠ. ಉಪಮೆ, ರೂಪಕ ಮುಗಿದು ಅತಿಶಯೋಕ್ತಿಗೆ ಬಂದಿದ್ದೆವು. ಇರುವುದನ್ನು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳುವುದು ಎಂದು ವಿವರಿಸಿ, ನಿಮ್ಮ ನಿಮ್ಮ ಮನೆಯದೇ ಉದಾಹರಣೆ ಕೊಡಿ ಎಂದೆ. ಒಬ್ಬನ ಅಪ್ಪನ ಗೊರಕೆಗೆ ಟರ್ನ್‌ಪೈಕ್ ಹೆದ್ದಾರಿಯ ಟ್ರಕ್ಕುಗಳೆಲ್ಲ ಹೆದರಿ ನಿಂತವು. ಒಬ್ಬಳ ಅಜ್ಜಿ ಫೋನು ಇಡುವಷ್ಟರಲ್ಲಿ ಸ್ನೋ ಕರಗಿ ವಸಂತ ಬಂತು. ನಿನ್ನ ಚಾರು ಎದ್ದು ನಿಂತು, "ನನ್ನ ಲಂಚ್ ಬಾಕ್ಸನ್ನ ದಿನಾ ಸ್ಕೂಲಿನ ಕಸದ ಬುಟ್ಟಿ ಊಟ ಮಾಡತ್ತೆ, ನಾನು ಬರೀ ನೀರು ಕುಡಿದು ಕುಣೀತೀನಿ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ರಾಜ್ಯೋತ್ಸವದ ವೇದಿಕೆಯಲ್ಲಿ ಮಕ್ಕಳು ಹೇಳುವ ಅತಿಶಯೋಕ್ತಿಗಳಿಗೆ ಇದೇ ಕೊನೆಯ ಸಾಲು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಎಲ್ಲರೂ ಹೋದ ಮೇಲೆ ಅವಳು ಕುರ್ಚಿ ಮಡಚುವ ನೆಪದಲ್ಲಿ ಉಳಿದುಕೊಂಡಳು.

"ಆಂಟಿ, ನಂದು ಅತಿಶಯೋಕ್ತಿ ಅಲ್ಲ. ಇಟ್ಸ್ ಜಸ್ಟ್ ಟ್ರೂ."

ಆಗ ಅವಳ ಮುಖ ನೋಡಿದೆ. ರಂಗಪ್ರವೇಶಕ್ಕೆ ಎಷ್ಟು ಚೆನ್ನಾಗಿ ತೆಳ್ಳಗಾಗಿದ್ದಾಳೆ ಎಂದು ನಾವೆಲ್ಲ ಹೊಗಳುತ್ತಿದ್ದ ಮುಖ — ಕೆನ್ನೆಯೇ ಉಳಿದಿರಲಿಲ್ಲ. ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಹೆದರಿದೆ: ನಿಮ್ಮ ಮನೆಯ ವಿಷಯಕ್ಕೆ ಕೈ ಹಾಕಬೇಕಾದೀತು, ಆ ಸಾಲನ್ನು ಬಿಟ್ಟುಕೊಡಬೇಕಾದೀತು... ನಾಚಿಕೆಯಾಗುತ್ತದೆ, ಆದರೆ ಸಾಲಿನ ಚಿಂತೆಯೂ ಇತ್ತು. "ಹೊತ್ತುಹೊತ್ತಿಗೆ ಊಟ ಮಾಡು ಪುಟ್ಟಿ" ಎಂದು ಬೆನ್ನು ತಟ್ಟಿ ಕಳಿಸಿದೆ.

ರಾಜ್ಯೋತ್ಸವದ ದಿನ ಚಾರು ಆ ಸಾಲು ಹೇಳಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ನೀನು ನಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ನಿಲ್ಲಿಸಿ ಕೈ ಹಿಡಿದುಕೊಂಡೆ.

"ಆಂಟಿ, ಅವಳು ಹೇಳಿದ್ದು ನಿಜಾನಾ? ಡಬ್ಬಿ ದಿನಾ ಖಾಲಿಯಾಗೇ ಬರತ್ತೆ, ಆದ್ರೂ ಯಾಕೋ... ನಿಮ್ ಹತ್ರ ಏನಾದ್ರೂ ಹೇಳಿದ್ಲಾ?"

"ಅಯ್ಯೋ, ಬರೀ ಅತಿಶಯೋಕ್ತಿ ಕಣಮ್ಮ! ನಾನೇ ಹೇಳಿಕೊಟ್ಟಿದ್ದು."

ನೀನು ನಂಬಿದೆ. ಕಲಿಸುವವಳ ಮಾತಲ್ಲವೇ — ನೆಮ್ಮದಿಯಾಗಿ ಕಾರು ಹತ್ತಿದೆ.

ಆ ಚಳಿಗಾಲದಲ್ಲಿ ಚಾರು ಡ್ಯಾನ್ಸ್ ಕ್ಲಾಸಿನಲ್ಲೇ ಕುಸಿದುಬಿದ್ದಳು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಇನ್ನೂ ಮುಂಚೆ ಕರೆದುಕೊಂಡು ಬರಬೇಕಿತ್ತು ಎಂದು ಡಾಕ್ಟರು ಅಂದರೆಂದು ನೀನೇ ಹೇಳಿದೆ. ನಾನು ಅನ್ನ ಸಾರು ಮಾಡಿಕೊಂಡು ಬಂದು ನಿನ್ನ ಪಕ್ಕದಲ್ಲಿ ಕೂತೆ, ಬಾಯಿ ಬಿಡಲಿಲ್ಲ. ಈಗ ಅವಳು ಕಾಲೇಜಿನಲ್ಲಿದ್ದಾಳೆ, ಊಟ ಮಾಡುತ್ತಾಳೆ, ಕುಣಿಯುವುದಿಲ್ಲ. ನನ್ನನ್ನು ಕಂಡರೆ "ಹಾಯ್ ಆಂಟಿ" ಎಂದು ಹೊರಟುಹೋಗುತ್ತಾಳೆ. ಅಂದು ಕುರ್ಚಿಗಳ ನಡುವೆ ಆಡಿದ ಮಾತನ್ನು ಅವಳು ನಿನಗೆ ಏಕೆ ಹೇಳಲಿಲ್ಲವೋ — ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಮತ್ತೆ ಅತ್ತೆ. "ಹೆತ್ತೋಳಿಗೇ ಗೊತ್ತಾಗ್ಲಿಲ್ವಲ್ಲ ಆಂಟಿ." ಇಷ್ಟು ವರ್ಷ ಈ ಮಾತಿಗೆ ನಾನು ಸಮಾಧಾನ ಹೇಳುತ್ತ ಬಂದಿದ್ದೇನೆ, ಏನೂ ಅರಿಯದ ದೊಡ್ಡವಳ ಹಾಗೆ. ಇನ್ನು ಆಗದು. ಅವಳು ರಜೆಗೆ ಬಂದಾಗ ನಿಮ್ಮಿಬ್ಬರ ಎದುರಿಗೆ ಕೂತು, ಇಲ್ಲಿ ಬರೆದ ಇದಿಷ್ಟನ್ನೂ ಬಾಯಿಬಿಟ್ಟೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ಹೆತ್ತವಳಿಗೆ ಗೊತ್ತಾಗಿತ್ತು, ವೀಣಾ. ಗೊತ್ತಾಗಿಯೇ ನೀನು ನನ್ನ ಹತ್ತಿರ ಬಂದಿದ್ದೆ.