ತಡೆಯಿಲ್ಲದ ಉಸಿರು

ನಮ್ಮ ಇಂಗ್ಲಿಷ್ ಮೇಷ್ಟ್ರ ಅಂಗಿಯ ತೋಳಿಗೆ ಯಾವಾಗಲೂ ರೇಷ್ಮೆಯ ಒಂದೆರಡು ಎಳೆ ಅಂಟಿಕೊಂಡಿರುತ್ತಿತ್ತು. ಕೈಲಾಂಚ ಹಳ್ಳಿಯ ಅವರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಗೂಡು ಬಿಡಿಸುವ ದಿನಗಳಲ್ಲಂತೂ ತೋಳೆಲ್ಲ ಅದೇ. ಆ ಎಳೆ ಹಳದಿಯೋ ಬಿಳಿಯೋ, ಆಣೆ ಮಾಡಿ ಹೇಳಲಾರೆ. ಹಳದಿ ಎನ್ನುತ್ತದೆ ನೆನಪು. ಚಂದಕ್ಕಾಗಿ ಅದು ಸುಳ್ಳು ಹೇಳುವುದೂ ಉಂಟು.

ಎ, ಇ, ಐ, ಒ, ಯು ಸ್ವರಗಳು, ಉಳಿದವು ವ್ಯಂಜನಗಳು ಎಂದು ನಾವು ಬಾಯಿಪಾಠ ಮಾಡಿಕೊಂಡಿದ್ದೆವು. ಯಾಕೆ ಎಂದು ಕೇಳಿದವರು ಅವರೊಬ್ಬರೇ. ತೋಳಿನ ಎಳೆ ಬಿಡಿಸಿ ನನ್ನ ಬಾಯಿಯ ಮುಂದೆ ಹಿಡಿದರು. ‘ಆ’ ಎಂದೆ; ಎಳೆ ಒಂದೇ ಸಮ ನಡುಗಿತು. ‘ಪ’ ಎಂದೆ, ತುಟಿ ಮುಚ್ಚಿದಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಎಗರಿತು.

“ಉಸಿರನ್ನ ಯಾರೂ ತಡೀದಿದ್ರೆ ಸ್ವರ. ತುಟಿನೋ ನಾಲಿಗೆನೋ ಹಲ್ಲೋ ಅಡ್ಡ ಬಂದ್ರೆ ವ್ಯಂಜನ. ಅಷ್ಟೇ ಕಣವ್ವಾ.”

“ವೈ ಯಾವ ಕಡೆ ಸಾರ್?” ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

“ಅದು ತೌರಿಗೂ ಗಂಡನ ಮನೆಗೂ ಓಡಾಡೋ ಹೊಸ ಸೊಸೆ ಕಣ್ಲಾ. ‘ಯೆಸ್’ ಅನ್ನುವಾಗ ನಾಲಿಗೆ ಒಸಿ ಅಡ್ಡ ಬತ್ತದೆ, ವ್ಯಂಜನ. ‘ಸ್ಕೈ’ ಅನ್ನುವಾಗ ಸ್ವರ. ಅಕ್ಷರದ ಮೊಕ ನೋಡ್ಬ್ಯಾಡ, ಬಾಯಿ ಏನ್ ಮಾಡ್ತೈತೆ ನೋಡು.”

ನಾನು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ. ಮೇಷ್ಟ್ರು ಅದನ್ನು ಕಂಡುಹಿಡಿದುಬಿಟ್ಟರು.

“ಕೋಲೆಬಸವನಂಗೆ ತಲೆ ಆಡುಸ್ಬ್ಯಾಡ. ತಿಳೀದಿದ್ರೆ ತಿಳೀಲಿಲ್ಲ ಅನ್ನು.”

ಅಂದೆ. ಅವರ ಮುಖ ಅರಳಿತು. ತೋಳಿನಲ್ಲಿ ಇನ್ನೊಂದು ಎಳೆ ಹುಡುಕಿ ಮೊದಲಿನಿಂದ ಶುರು ಮಾಡಿದರು. ಯಾರು ಆ ಮಾತು ಹೇಳಿದರೂ ಹಾಗೆಯೇ. ಗಂಟೆ ಹೊಡೆದರೂ ಬಿಡುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆದಿದೆ ಎಂದು ತಿಳಿದು ನೋಡಲು ಹೋದೆ. ಕಂಡೊಡನೆ ಗುರುತು ಹಿಡಿದು ಮಾತಾಡತೊಡಗಿದರು. ತುಟಿ ಕೂಡುತ್ತಿರಲಿಲ್ಲ, ನಾಲಿಗೆ ಎಲ್ಲೂ ತಾಗುತ್ತಿರಲಿಲ್ಲ. ಬರೀ ಸ್ವರಗಳು. ಆ, ಓ, ಈ. ಏನೋ ಉದ್ದನೆಯ ಮಾತು, ಹೇಳಲೇಬೇಕೆಂದು ಹಟ ಹಿಡಿದಂತಿತ್ತು.

“ನಂಗೊಂದೂ ಗೊತ್ತಾಗಲ್ಲ ಕಣವ್ವಾ,” ಎಂದರು ಅವರ ಹೆಂಡತಿ. “ನೀನು ಓದಿರೋಳು. ನಿಂಗೇನಾರ ತಿಳೀತಾ?”

“ತಿಳೀತು ಅಮ್ಮಾ,” ಎಂದು ತಲೆಯಾಡಿಸಿದೆ. ಮೇಷ್ಟ್ರಿಗೆ ಆಯಾಸವಾಗದಿರಲಿ ಎಂದು. ಅಥವಾ ರಾಮನಗರದ ಬಸ್ಸು ತಪ್ಪದಿರಲಿ ಎಂದು. ಯಾವುದೆಂದು ಡೈರಿಯಲ್ಲಿ ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದ್ದೇನೆ.

ಮೇಷ್ಟ್ರು ನನ್ನನ್ನು ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಎದ್ದು ಬರುವವರೆಗೂ ಒಂದು ಸ್ವರವೂ ಹೊರಡಲಿಲ್ಲ.

ಹದಿನೈದು ದಿನಕ್ಕೆ ಹೋಗಿಬಿಟ್ಟರು.

ಏನು ಹೇಳುತ್ತಿದ್ದರೋ ಇನ್ನು ತಿಳಿಯುವಂತಿಲ್ಲ. ತಿಳಿದಿರುವುದು ಇಷ್ಟೇ: ‘ತಿಳೀಲಿಲ್ಲ ಸಾರ್’ ಎಂದಿದ್ದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.