ಏರ್‌ಬ್ರೇಕ್ ಎಳೆದ ಕೈ

ಹೈದರಾಬಾದಿನ ಗ್ಲೈಡಿಂಗ್ ಕ್ಲಬ್ಬಿಗೆ ಸೇರಿದಾಗ ನನಗೆ ಇಪ್ಪತ್ತೊಂದು. ನಾನು ನಾರಾಯಣಪೇಟೆಯವಳೆಂದು ತಿಳಿದ ದಿನವೇ ಅಲ್ಲಿನ ಹಿರಿಯ ತರಬೇತುದಾರರು ತೆಲುಗು ಬಿಟ್ಟು ನಮ್ಮ ಕಡೆಯ ಕನ್ನಡಕ್ಕೆ ತಿರುಗಿದರು. ಅವರದು ಗದ್ವಾಲ. "ನಿಮ್ಮ ಕಡೇನೇ ನಮ್ಮ ತಂಗೀನ ಕೊಟ್ಟೀವಿ, ಮಾಗನೂರಾಗ" ಎಂದರು.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ನಾನು ಕಲಿತ ಹಳೆಯದಕ್ಕೆ ಇದ್ದದ್ದು ಸ್ಪಾಯ್ಲರ್ ಮಾತ್ರ. ರೆಕ್ಕೆಯ ಮೇಲ್ಭಾಗದಲ್ಲಷ್ಟೇ ಏಳುವ ಸಣ್ಣ ಪಟ್ಟಿ ಅದು. ಎದ್ದರೆ ರೆಕ್ಕೆಯ ಎತ್ತುವ ಬಲ ಒಂದಿಷ್ಟು ಕೆಡುತ್ತದೆ, ಗ್ಲೈಡರ್ ಮೆಲ್ಲಗೆ ಇಳಿಯುತ್ತದೆ. ಅದನ್ನು ಏಳಿಸುವ ಹಿಡಿಕೆಯನ್ನು ಪೂರ್ತಿ ಎಳೆದರೂ ಅಂಥ ಅಂಜಿಕೆಯೇನಿಲ್ಲ. ಆಮೇಲೆ ಬಂದ ಗ್ಲೈಡರಿಗೆ ಏರ್‌ಬ್ರೇಕ್ ಇತ್ತು. ಅದರ ಪಟ್ಟಿಗಳು ರೆಕ್ಕೆಯ ಮೇಲೂ ಕೆಳಗೂ ನೆಟ್ಟಗೆ ನಿಂತು ಗಾಳಿಗೆ ಅಡ್ಡವಾಗುತ್ತವೆ, ವೇಗವನ್ನೇ ಹಿಡಿದೆಳೆಯುತ್ತವೆ; ಪೂರ್ತಿ ತೆರೆದರೆ ಗ್ಲೈಡರ್ ಕಲ್ಲಿನಂತೆ ಕುಸಿಯುತ್ತದೆ.

"ಹಿಡಿಕಿ ಅದೇ ಐತಿ, ಕೆಲಸ ಬ್ಯಾರೆ ಐತಿ. ನೆಲದ ಹತ್ರ ಬಂದಾಗ ಪೂರಾ ಎಳೀಬ್ಯಾಡ" ಎಂದು ತರಬೇತುದಾರರು ಹಿಂದಿನ ಸೀಟಿನಿಂದ ಹೇಳಿದ್ದರು.

"ತಿಳೀತ್ರೀ ಸರ್" ಎಂದಿದ್ದೆ. ತಲೆಗೆ ತಿಳಿದೂ ಇತ್ತು.

ಆದರೆ ಒಂದು ದಿನ ಇಳಿಯುವಾಗ ರನ್‌ವೇ ದಾಟಿ ಹೋಗುತ್ತೇನೆಂದು ಹೆದರಿ, ಹಳೆಯ ರೂಢಿಯಂತೆ ಕೊನೆಯವರೆಗೂ ಎಳೆದುಬಿಟ್ಟೆ. "ಮುಚ್ಚು" ಎಂದು ಅವರು ಹೇಳುವಷ್ಟರಲ್ಲಿ ನೆಲಕ್ಕೆ ಬಡಿದಿದ್ದೆವು. ನನ್ನ ತುಟಿ ಒಡೆಯಿತು. ಅವರ ಬೆನ್ನುಮೂಳೆ ಮುರಿಯಿತು.

ವಿಚಾರಣೆಯಲ್ಲಿ ಅವರು, ಹಿಡಿಕೆ ತಮ್ಮ ಕೈಯಲ್ಲೇ ಇತ್ತೆಂದು ಹೇಳಿಕೆ ಕೊಟ್ಟರು. ನಾನು ಸುಮ್ಮನಿದ್ದೆ.

ಅವರು ಗದ್ವಾಲಿಗೆ ಮರಳಿದರು. ನಾನು ಹಾರುವುದನ್ನು ಬಿಟ್ಟು ನಾರಾಯಣಪೇಟೆಯಲ್ಲಿ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರಿದೆ. ಹೋಗಿ ನೋಡಬೇಕು ಅಂದುಕೊಳ್ಳುತ್ತಲೇ ಆರು ವರ್ಷ ಕಳೆದವು. ಕೊನೆಗೆ ಹೋದಾಗ ಅವರು ಮಂಚದ ಮೇಲೆ ದಿಂಬಿಗೆ ಒರಗಿದ್ದರು.

"ಸರ್, ಅವತ್ತು ಯಾಕ ಸುಳ್ಳು ಹೇಳಿದ್ರಿ?"

"ನಿನಗ ಬಾಯಿಲೆ ಹೇಳಿ ಬಿಟ್ಟೆ, ಕೈಗೆ ಕಲಿಸಲಿಲ್ಲ. ತಪ್ಪು ನಂದೇ ಐತಿ." ಆಮೇಲೆ ಕೇಳಿದರು, "ಈಗೂ ಹಾರಾಕ ಹೋಗ್ತೀ ಇಲ್ಲ?"

"ಇಲ್ರೀ. ಅವತ್ತೇ ಬಿಟ್ಟೆ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಹಾರುತ್ತಲೇ ಇರಬೇಕೆಂದು ನನ್ನ ತಪ್ಪನ್ನು ತಮ್ಮ ಮೈಮೇಲೆ ಹಾಕಿಕೊಂಡಿದ್ದರೆಂದು ನನಗೆ ಹೊಳೆದದ್ದು ಆಗ. ಅವರ ಹೆಂಡತಿ ತಂದಿಟ್ಟ ಚಹಾ ಆರಿಹೋಯಿತು. ಮತ್ತೆ ಬರುತ್ತೇನೆಂದು ಹೇಳಿ ಎದ್ದೆ.

ಹೋಗಲಿಲ್ಲ. ಹೋದ ವರ್ಷ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಮಾಗನೂರಿನ ಅವರ ತಂಗಿ ಸಿಕ್ಕರು. ಸರ್ ತೀರಿಕೊಂಡು ಆಗಲೇ ಹದಿನೈದು ದಿನವಾಗಿತ್ತೆಂದು ಆಕೆಯಿಂದಲೇ ತಿಳಿಯಿತು.