ಅಂಕ ಏರದ ಅಜ್ಜ ಮತ್ತು ಕಬ್ಬಿನ ಬೆಂಕಿ

ಆಗ ನನ್ನ ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಕಾಗವಾಡ ತಾಲೂಕಿನಲ್ಲಿ ಡಿಮೆನ್ಷಿಯಾ, ಅಂದರೆ ಮುಪ್ಪಿನ ಮರೆವಿನ ಕಾಯಿಲೆ ಇದ್ದವರ ಮನೆಗೇ ಹೋಗಿ ಆರೈಕೆ ಕಲಿಸುವ ಕಾರ್ಯಕ್ರಮಕ್ಕೆ ನಾನು ನರ್ಸಿಂಗ್ ಮೇಲ್ವಿಚಾರಕಿ. ಅದರಲ್ಲಿ ಗುಳಿಗೆ ಕಡಿಮೆ, ಮಾತು ಹೆಚ್ಚು.

ಆ ಚಳಿಗಾಲ ಮೌಲ್ಯಮಾಪನಕ್ಕೆ ಒಬ್ಬ ಅಧಿಕಾರಿ ಬಂದರು. ಬಾಯಿ ತೆರೆದರೆ ‘ಕಾಸ್ಟ್ ಎಫೆಕ್ಟಿವ್‌ನೆಸ್’. ಹಾಕಿದ ದುಡ್ಡಿಗೆ ತಕ್ಕ ಫಲ ಬಂತೇ ಎಂಬ ಲೆಕ್ಕ ಅದು. ರೋಗಿಗಳ ನೆನಪಿನ ಪರೀಕ್ಷೆಯ ಅಂಕ ನೋಡಿದರು. ಯಾರದೂ ಏರಿರಲಿಲ್ಲ.

“ಮನೆ ಭೇಟಿ ನಿಲ್ಲಿಸೋಣ. ತಿಂಗಳಿಗೊಮ್ಮೆ ಅವರೇ ಚಿಕ್ಕೋಡಿಯ ಆಸ್ಪತ್ರೆಗೆ ಬರಲಿ,” ಎಂದರು.

ಈ ಕಾಯಿಲೆಯಲ್ಲಿ ಅಂಕ ಏರುವುದಿಲ್ಲ, ಇಳಿಯುವುದು ತಡವಾದರೆ ಅದೇ ಪುಣ್ಯ ಎಂದು ಗಂಟಲು ಹರಿಯುವಂತೆ ಹೇಳಿದೆ. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು.

ಆ ಸುದ್ದಿ ಮುಟ್ಟಿಸಲೆಂದೇ ಉಗಾರ ಬುದ್ರುಕದ ಬಾಳಪ್ಪಜ್ಜನ ಮನೆಗೆ ಹೋದೆ. ಅಜ್ಜ ಜನ್ಮವಿಡೀ ಕಬ್ಬು ಬೆಳೆದವನು. ಮಗನ ಹೆಸರು ಮರೆತಿದ್ದ, ಕರೆಂಟ್ ಮರೆತಿರಲಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬಂದರೆ ಉಣ್ಣುವ ತಾಟು ಬಿಟ್ಟು ಓಡಿದ ಜೀವ ಅದು. ಏನು ಕರೆದರೂ ಏಳದವನು ‘ಕರೆಂಟ್ ಬಂತು’ ಅಂದರೆ ಎದ್ದು ನಿಲ್ಲುತ್ತಿದ್ದ. ಸ್ನಾನಕ್ಕೆ ಎಬ್ಬಿಸಲು ಸೊಸೆ ಸುವರ್ಣಾ ಮತ್ತು ನಾನು ಆ ಮಾತನ್ನೇ ಬಳಸುತ್ತಿದ್ದೆವು.

ಸುವರ್ಣಾ ಒಬ್ಬಳೇ ಇದ್ದಳು. “ಇವತ್ತ ಕಬ್ಬಿನ ಕಟಾವು ಐತ್ರಿ ಅಕ್ಕಾರ. ಮಾವಾರು ಕಾಯಿ ಒಡ್ಯಾಕ ಹೋಗ್ಯಾರ. ಬುತ್ತಿ ಕೊಟ್ಟು ನಾ ಈಗ ಬಂದೆ.”

ಕಟಾವಿಗೆ ಮೊದಲು ಮನೆಯ ಹಿರಿಯನೇ ಬದುವಿನಲ್ಲಿ ತೆಂಗಿನಕಾಯಿ ಒಡೆಯಬೇಕು. ಬುದ್ಧಿ ಮಂಕಾದರೂ ಹಿರಿತನ ಹೋಗುವುದಿಲ್ಲವಲ್ಲ. ನಾನು ಹೊಲಕ್ಕೇ ನಡೆದೆ.

ರವದಿ, ಅಂದರೆ ಕಬ್ಬಿನ ಒಣಗರಿ ಸುಟ್ಟರೆ ಕಡಿಯುವುದು ಸಲೀಸು. ಕಡಿಯುವ ಗ್ಯಾಂಗಿನವರು ಒಂದು ಮೂಲೆಗೆ ಆಗಲೇ ಬೆಂಕಿ ಇಟ್ಟಿದ್ದರು. ಮಗ ಶಿವಪ್ಪ ಬದುವಿನ ಮೇಲೆ ನಿಂತಿದ್ದ.

“ಅಜ್ಜ ಎಲ್ಲಿ?” ಎಂದೆ.

“ಸುವರ್ಣಾ ಕರಕೊಂಡು ಹೋದ್ಲಲ್ರಿ.”

“ಮನ್ಯಾಗ ಅಕಿ ಒಬ್ಬಾಕೀನ ಅದಾಳಲ್ಲೋ!”

ಅವನ ಮುಖದ ರಕ್ತ ಇಳಿದುಹೋಯಿತು. ಗಂಡನ ಹತ್ತಿರ ಇದ್ದಾನೆಂದು ಹೆಂಡತಿ, ಹೆಂಡತಿಯ ಹಿಂದೆ ಹೋದನೆಂದು ಗಂಡ. ಹಾಗಾದರೆ ಅಜ್ಜ ಕಬ್ಬಿನೊಳಗೆ! ಅಯ್ಯೋ ದೇವರೇ!

ಶಿವಪ್ಪ “ಅಪ್ಪಾ, ಅಪ್ಪಾ” ಎಂದು ಚೀರುತ್ತ ಓಡಿದ. ಉತ್ತರವಿಲ್ಲ. ಗ್ಯಾಂಗಿನವರು ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯತೊಡಗಿದರು. ಅದು ಚಟಚಟ ಎನ್ನುತ್ತ ಮುಂದೆ ಬರುತ್ತಲೇ ಇತ್ತು. ನಾನು ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದೆ: “ಅಜ್ಜಾ, ಕರೆಂಟ್ ಬಂತು! ಮೋಟಾರ್ ಚಾಲೂ ಮಾಡಾಕ ಬರ್ರಿ!” ಎಲ್ಲರೂ ಅದನ್ನೇ ಕೂಗಿದರು.

ಕಬ್ಬು ಅಲುಗಿತು. ಅಜ್ಜ ಹೊರಬಂದ. ಧೋತರದ ಅಂಚು ಕರಕಲಾಗಿತ್ತು.

“ಎಲ್ಲೈತಿಲೇ ಕರೆಂಟ? ಸುಳ್ಳ ಬೊಗಳ್ತೀರಿ!” ಎಂದು ನಮ್ಮನ್ನೇ ಬೈದ. ಶಿವಪ್ಪ ಅಪ್ಪನ ಕಾಲು ಹಿಡಿದು ಮಣ್ಣಲ್ಲೇ ಕುಳಿತು ಅತ್ತ. ತಂದ ಸುದ್ದಿ ಹೇಳದೆಯೇ ಮರಳಿದೆ.

ಮರುದಿನ ಅಧಿಕಾರಿಗೆ ಎಲ್ಲ ಹೇಳಿದೆ. ಅವರೂ ಬೆಚ್ಚಿಬಿದ್ದರು. ಆಮೇಲೆ ಕಡತ ತೆರೆದು, “ಈಗ ಅವರ ಅಂಕ ಎಷ್ಟಿದೆ?” ಎಂದರು.

ಬೆಂಕಿ ಕಂಡಾಗಲೂ ನಾನು ಅಷ್ಟು ದಂಗಾಗಿರಲಿಲ್ಲ. “ಮೊದಲಿದ್ದಷ್ಟ ಐತ್ರಿ. ಆದ್ರ ಅಜ್ಜ ಜೀವಂತ ಅದಾನ. ನಿಮ್ಮ ಲೆಕ್ಕದಾಗ ಅದಕ್ಕ ಜಾಗಾ ಇಲ್ಲಂದ್ರ ಜಾಗಾ ಮಾಡ್ರಿ,” ಎಂದು ಎದ್ದುಬಂದೆ.

ಜಾಗ ಆಗಲಿಲ್ಲ. ಆ ವರ್ಷದ ಕಟಾವಿನ ಹಂಗಾಮು ಮುಗಿಯುವ ಮೊದಲೇ ಮನೆ ಭೇಟಿ ನಿಂತಿತು. ಆಗದೇ ಹೋದ ಅನಾಹುತವನ್ನು ಯಾರೂ ಎಣಿಸುವುದಿಲ್ಲ, ನಮ್ಮ ಕೆಲಸದ ಫಲವೆಲ್ಲ ಅದರಲ್ಲೇ ಇರುತ್ತದೆ ಎಂಬುದನ್ನು ಈ ವೃತ್ತಿ ನನಗೆ ಹೀಗೆ ಕಲಿಸಿತು.

ಮುಂದಿನ ವರ್ಷದ ಕಟಾವಿನ ದಿನ ಸುವರ್ಣಾಳ ಫೋನ್ ಬಂತು.

“ಅಕ್ಕಾರ, ಹೊಲಕ್ಕ ಬೆಂಕಿ ಇಡಾಕತ್ತಾರ. ಮಾವಾರ ಕೈ ನನ್ನ ಕೈಯಾಗ ಐತ್ರಿ.”